ನೀರಿನ ತಂತಿ, ಮಾತಿನ ತಂತಿ

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿನ ಗುರುಗಳ ಪಟ್ಟದ ಹೆಸರು ಮಾರುದ್ದ ಇತ್ತು. ಅದನ್ನು ಪೂರ್ತಿ ಹೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಜನ ಅವರನ್ನು ತಂತಿ ಅಜ್ಜ ಅಂತಲೇ ಕರೆಯುತ್ತಿದ್ದರು.

ಕಾವಿ ಉಡುವ ಮೊದಲು ಅವರು ಇಪ್ಪತ್ತು ವರ್ಷ ಟೆಲಿಫೋನ್ ಲೈನ್‌ಮನ್ ಆಗಿದ್ದವರು. ಪಾದಪೂಜೆಗೆ ಬಂದ ಭಕ್ತರು ಆ ಒರಟು ಅಂಗಾಲು ಮುಟ್ಟಿ, "ತಪಸ್ಸಿನ ಕಾಲು ನೋಡ್ರಿ" ಅಂದರೆ ಅಜ್ಜಾರು, "ಕಂಬ ಹತ್ತಿದ ಕಾಲು" ಅಂದು ನಗುತ್ತಿದ್ದರು.

ಅವರ ಶಿಷ್ಯ ಈರಸಂಗ. ರೇಡಿಯೋ ರಿಪೇರಿ ಕಲಿತವ, ಚುರುಕಿನವ, ಗುರು ಅಂದರೆ ಜೀವ ಬಿಡುವವ. ಅವನಿಗೆ ಇದ್ದದ್ದು ಒಂದೇ ಚಟ, ಓರಣ. ಅಂಗಳ ಗುಡಿಸಿದರೆ ಕಸಬರಿಗೆಯ ಗೆರೆಗಳೂ ನೇರ ಇರಬೇಕು. ಪಂಕ್ತಿಯಲ್ಲಿ ಒಂದು ತಾಟು ಸೊಟ್ಟ ಕೂತಿದ್ದರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಮಠದ ಅಡುಗೆಮನೆಯ ಒಂದು ಪದ್ಧತಿಯಂತೂ ಅವನ ಕಣ್ಣಿಗೆ ಚುಚ್ಚುತ್ತಿತ್ತು.

ಅಲ್ಲಿ ಸಾರು ಕುದಿಸುವ ದೊಡ್ಡ ಒಲೆಯ ಮಗ್ಗುಲಿಗೆ ಬಾಳವ್ವ, ಪಾರವ್ವ ಅಂತ ಇಬ್ಬರು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿದ್ದರು. ಹತ್ತು ರೊಟ್ಟಿ ಆದವೋ ಇಲ್ಲವೋ, ಇಬ್ಬರೂ ಎದ್ದು ಜಾಗ ಅದಲುಬದಲು ಮಾಡುತ್ತಿದ್ದರು. ಮತ್ತೆ ಹತ್ತು ರೊಟ್ಟಿ, ಮತ್ತೆ ಅದಲುಬದಲು.

"ಯಾಕ ಬೇ ಈ ಎದ್ದು ಕೂಡೋ ಆಟ?" ಅಂತ ಈರಸಂಗ ಒಮ್ಮೆ ಕೇಳಿದ್ದ.

"ಅಜ್ಜಾರು ಹಾಕಿಕೊಟ್ಟ ಪದ್ಧತಿ. ನೀ ಸುಮ್ಮ ತಿನ್ನು" ಅಂದಿದ್ದಳು ಬಾಳವ್ವ.

ಇನ್ನು ಹೊಳೆಯ ಸಂಗತಿ.

ಮಠದಿಂದ ನಾಲ್ಕು ಮೈಲಿ ಮೇಲಕ್ಕೆ ಒಂದು ಒಡ್ಡು. ಅದರ ಬಾಗಿಲು ಕಾಯುವವ ಮೌಲಾಸಾಬ. ಮಠದ ಎದುರಿಗೆ, ಹೊಳೆಯ ನಡುವೆ, ಬೇಸಿಗೆ ಬಂತೆಂದರೆ ಒಂದು ಮರಳ ದಿಬ್ಬ ಏಳುತ್ತಿತ್ತು. ಹನ್ನೊಂದು ಮನೆತನದವರು ಅದರ ಮೇಲೆ ಗುಡಿಸಲು ಹಾಕಿ ಸೌತೆ, ಕಲ್ಲಂಗಡಿ ಬೆಳೆಯುತ್ತಿದ್ದರು.

ಬೇಸಿಗೆಯಲ್ಲೂ ಒಮ್ಮೊಮ್ಮೆ ಮೇಲಿನ ಸೀಮೆಯಲ್ಲಿ ಅಡ್ಡಮಳೆ ಹೊಡೆದು ಒಡ್ಡು ತುಂಬುತ್ತಿತ್ತು. ಬಾಗಿಲು ಎತ್ತಿದರೆ ಒಂದೂವರೆ ತಾಸಿಗೆ ನೀರು ದಿಬ್ಬಕ್ಕೆ ಬರುತ್ತಿತ್ತು. ಬಾಗಿಲು ಎತ್ತಿದ ಕೂಡಲೇ ಮೌಲಾಸಾಬ ಮಠಕ್ಕೆ ಫೋನು ಮಾಡಬೇಕು, ಮಠದವರು ದೊಡ್ಡ ಗಂಟೆ ಬಿಡದೆ ಬಾರಿಸಬೇಕು, ದಿಬ್ಬದ ಮಂದಿ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ದಂಡೆ ಹತ್ತಬೇಕು. ಅಷ್ಟೇ ಕಟ್ಟಳೆ.

ದಿಬ್ಬದ ಮೇಲೆ ದುರಗವ್ವನ ಗಂಡ ಗಿಡ್ಡಪ್ಪ ಇದ್ದ. ಅವನ ಎರಡೂ ಮೊಣಕಾಲು ಹಿಡಿದಿದ್ದವು. ಎರಡು ಬಡಿಗೆ ಊರಿ ದಂಡೆಗೆ ಬರಲು ಅವನಿಗೆ ಪೂರಾ ಒಂದು ತಾಸು ಬೇಕು. ಹೊತ್ತುಕೊಂಡು ಬರುತ್ತೇವೆ ಅಂದರೆ ಬೆಂಕಿಯಾಗುತ್ತಿದ್ದ.

"ಹೆಣಾ ಆದ ಮ್ಯಾಲ ಹೊರ್ರಿ, ಆಗ ಬ್ಯಾಡ ಅನ್ನಂಗಿಲ್ಲ."

ಒಡ್ಡಿಗೂ ಮಠಕ್ಕೂ ನಡುವೆ ಕಂಬಗಳ ಮೇಲೆ ನಾಲ್ಕು ತಂತಿ. ಎರಡು ನೀರಿನ ತಂತಿ, ಫೋನಿನವು. ಇನ್ನೆರಡು ಮಾತಿನ ತಂತಿ. ಅಜ್ಜಾರ ಸಂಜೆಯ ಪ್ರವಚನ ಅದರ ಗುಂಟ ಒಡ್ಡಿನ ಕೆಲಸಗಾರರ ಓಣಿಗೆ ಹೋಗಿ ಅಲ್ಲಿನ ಧ್ವನಿವರ್ಧಕದಲ್ಲಿ ಕೇಳುತ್ತಿತ್ತು. ಎರಡೂ ಜೋಡಿಯನ್ನು ಬಹಳ ಹಿಂದೆ ಯಾರೋ ಕಟ್ಟಿದ್ದರು.

ಒಂದು ವರ್ಷ ಚೈತ್ರದಲ್ಲಿ ಅಜ್ಜಾರು ಇಪ್ಪತ್ತೊಂದು ದಿನದ ಮೌನಕ್ಕೆ ಕೂತರು. ಕೋಣೆಯ ಬಾಗಿಲು ಮುಚ್ಚಿತು, ಪ್ರವಚನ ನಿಂತಿತು.

ಮೂರನೆಯ ದಿನವೇ ಬಿರುಗಾಳಿ ಎದ್ದು ಸಾಲು ಕಂಬ ಒರಗಿದವು. ಈರಸಂಗ ನಾಲ್ಕು ಆಳು ಕಟ್ಟಿಕೊಂಡು ಹೊರಟ. ಗುರು ಹೊರಗೆ ಬರುವುದರೊಳಗೆ ಎಲ್ಲ ಸರಿ ಮಾಡಿ ಅವರಿಂದ ಶಹಬ್ಬಾಸ್ ಅನ್ನಿಸಿಕೊಳ್ಳಬೇಕು, ಅದು ಅವನ ಆಸೆ.

ಕಂಬ ಹತ್ತಿ ನೋಡಿದರೆ ಏನು ಅನಾಹುತ! ಹತ್ತು ಹತ್ತು ಕಂಬಕ್ಕೊಮ್ಮೆ ನೀರಿನ ಎರಡು ತಂತಿ ಅಡ್ಡ ದಾಟಿ ಜಾಗ ಬದಲಿಸಿದ್ದವು. ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ. ಹೀಗೆ ಒಂಬತ್ತು ಕಡೆ. ಒಂಬತ್ತೂ ಕಂಬಕ್ಕೆ ಒಂದೊಂದು ತಗಡು ಬಡಿದು, ಅದರ ಮೇಲೆ ಅಡ್ಡಗೆರೆ ಬೇರೆ ಕೊರೆದಿತ್ತು.

"ಯಾವನೋ ಕುಡದು ಕಟ್ಟ್ಯಾನ" ಅಂದ ಈರಸಂಗ.

ಒಂಬತ್ತೂ ಕಡೆ ತಂತಿ ಬಿಚ್ಚಿ ನೇರ ಎಳೆದ. ತಗಡುಗಳನ್ನು ಕಿತ್ತು ಚೀಲಕ್ಕೆ ಹಾಕಿದ. ಹದಿನೈದು ದಿನದ ಮೇಲೆ ದಂಡೆಯಲ್ಲಿ ನಿಂತು ನೋಡಿದರೆ ನಾಲ್ಕೂ ತಂತಿ ಹೊಸ ನೋಟುಬುಕ್ಕಿನ ಗೆರೆಗಳ ಹಾಗೆ ಕಾಣುತ್ತಿದ್ದವು. ಅವನ ಕಣ್ಣು ತಂಪಾದವು. ತಗಡುಗಳನ್ನು ಬಾಳವ್ವನಿಗೆ ಕೊಟ್ಟ. ಆಕೆ ಒಂದನ್ನು ಬೆಣ್ಣೆ ಗಡಿಗೆಗೆ ಮುಚ್ಚಳ ಮಾಡಿಕೊಂಡಳು.

ಮೌಲಾಸಾಬ ದಿನಾ ಸಂಜೆ ಫೋನು ಮಾಡಿ ಒಡ್ಡಿನ ನೀರಿನ ಮಟ್ಟ ಹೇಳುತ್ತಿದ್ದ. ಸ್ವಚ್ಛ ಕೇಳುತ್ತಿತ್ತು. ಮಾತಿನ ತಂತಿ ಆಗ ಸುಮ್ಮನೆ ಇತ್ತಲ್ಲ, ಕೇಳದೆ ಏನು?

ಇಪ್ಪತ್ತೊಂದು ದಿನ ಮುಗಿಯಿತು. ಅಜ್ಜಾರು ಹೊರಗೆ ಬಂದರು. ಆ ಸಂಜೆ ಮಠದ ತುಂಬ ಜನ.

ಪ್ರವಚನ ಶುರುವಾದರೆ ಆ ಮಠದಲ್ಲಿ ಯಾರೂ ಏಳುವಂತಿಲ್ಲ, ಕೆಮ್ಮು ಬಂದರೂ ಸೆರಗು ಬಾಯಿಗೆ. ದೊಡ್ಡ ಗಂಟೆ ಅಜ್ಜಾರ ಗದ್ದುಗೆಯ ಮೇಲೇ ತೂಗುತ್ತಿತ್ತು, ಮಂಗಳಾರತಿಯ ತನಕ ಅದನ್ನು ಮುಟ್ಟುವಂತಿಲ್ಲ. ಅಜ್ಜಾರು ಹೀಗೆ ಎಂದೂ ಹೇಳಿದವರಲ್ಲ. ಭಕ್ತರು ತಾವೇ ಮಾಡಿಕೊಂಡ ಕಟ್ಟು. ಪ್ರವಚನದ ಹೊತ್ತು, ನೀರು ಬಿಡುವ ಹೊತ್ತು, ಎರಡೂ ಕೂಡಿ ಅಲ್ಲಿಯ ತನಕ ಬಂದಿರಲಿಲ್ಲ. ಹಾಗಾಗಿ ಯಾರಿಗೂ ಅದರ ಯೋಚನೆಯೂ ಬಂದಿರಲಿಲ್ಲ.

ಈರಸಂಗ ಹಿಂದಿನ ಕೋಣೆಯಲ್ಲಿ ಫೋನಿನ ಹತ್ತಿರ ಕೂತಿದ್ದ. ಪ್ರವಚನ ಶುರುವಾಗಿ ಸ್ವಲ್ಪ ಹೊತ್ತಿಗೆ ಫೋನು ಹೊಡೆದುಕೊಂಡಿತು. ದಿನದ ಮಟ್ಟ ಹೇಳಲಿಕ್ಕೆ ಅಂದುಕೊಂಡು ಎತ್ತಿ ಕಿವಿಗೆ ಹಿಡಿದ.

ಒಳಗೆ ಅಜ್ಜಾರು ಮಾತಾಡುತ್ತಿದ್ದರು!

ಹೊರಗೆ ಗದ್ದುಗೆಯ ಮೇಲೆ ಆಡುವ ಮಾತು, ಅಕ್ಷರ ಅಕ್ಷರ, ಇಲ್ಲಿ ಕಿವಿಯೊಳಗೆ. ಈರಸಂಗನ ಮೈ ಜುಮ್ಮೆಂದಿತು. ಇಪ್ಪತ್ತೊಂದು ದಿನದ ಮೌನದ ಫಲ ಇದು, ಗುರು ತನ್ನೊಬ್ಬನ ಕಿವಿಯಲ್ಲಿ ಬಂದು ಕೂತಿದ್ದಾರೆ ಅಂದುಕೊಂಡ. ಕಣ್ಣಲ್ಲಿ ನೀರು ಬಂತು. ಆ ಮಾತಿನ ಕೆಳಗೆ ನೊಣ ಗುಂಯ್‌ಗುಟ್ಟಿದ ಹಾಗೆ ಏನೋ ಇತ್ತು.

"ಮೌಲಾಸಾಬ್ರ, ಆಮ್ಯಾಲ ಮಾಡ್ರಿ" ಅಂದು ಇಟ್ಟ.

ಮತ್ತೆ ಹೊಡೆದುಕೊಂಡಿತು. ಮತ್ತೆ ಅಜ್ಜಾರ ಮಾತು, ಮತ್ತೆ ನೊಣ. ಮೂರನೆಯ ಸಲ ಹೊಡೆದುಕೊಂಡಾಗ ಅವನಿಗೂ ಅನುಮಾನ ಬಂತು. ಬಾಗಿಲ ತನಕ ಹೋದ. ಸಾಲಾಗಿ ಕೂತ ತಲೆಗಳು, ನಡುವೆ ಗುರು. ಹೋಗಿ ನಿಲ್ಲಿಸ್ರಿ ಅನ್ನುವುದು ಹೇಗೆ? ತಿರುಗಿ ಬಂದು ಫೋನು ಕಿವಿಗೆ ಹಿಡಿದು, ಪ್ರವಚನ ಮುಗಿಯುವುದನ್ನು ಕಾಯುತ್ತ ಕೂತ.

ಮುಕ್ಕಾಲು ತಾಸಿಗೆ ಅಜ್ಜಾರು ಮಾತು ನಿಲ್ಲಿಸಿದರು.

ಅವರು ನಿಲ್ಲಿಸಿದ್ದೇ ತಡ, ನೊಣದ ಜಾಗದಲ್ಲಿ ಒಬ್ಬ ಮನುಷ್ಯ ಬಂದ.

"ಬಾಗಿಲಾ ಎತ್ತೇವ್ರಿ! ಯಾರರೆ ಅದೀರೇನ್ರಿ? ಮುಕ್ಕಾಲು ತಾಸಾತು, ಒದರಿ ಒದರಿ ಗಂಟಲಾ ಹರೀತು! ಅಲ್ಲಾನ ಆಣಿ, ಗಂಟಿ ಬಾರಸ್ರಿ!"

ಈರಸಂಗ ಓಡಿದ. ಗಂಟೆ ಎಷ್ಟು ಜೋರು ಬಾರಿಸಿದನೆಂದರೆ ಅಂಗೈ ಕಿತ್ತು ಬಂತು. ಬಾರಿಸುವುದನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೊಳೆಗೆ ಇಳಿದ.

ಹೊತ್ತು ಮುಳುಗುತ್ತಿತ್ತು. ದಿಬ್ಬದ ಮಂದಿ ಮಕ್ಕಳನ್ನು ಎತ್ತಿಕೊಂಡು, ಆಡಿನ ಹಗ್ಗ ಹಿಡಿದು ಎದುರಿಗೆ ಬರುತ್ತಿದ್ದರು. ಎಲ್ಲರ ಹಿಂದೆ ಗಿಡ್ಡಪ್ಪ, ಬಡಿಗೆ ಊರುತ್ತ, ಊರುತ್ತ. ಅವನಿಗೆ ಒಂದು ತಾಸು ಬೇಕು. ಉಳಿದಿದ್ದದ್ದು ಅದರ ಅರ್ಧ.

"ಮುಟ್ಟಬ್ಯಾಡ ನನ್ನ" ಅಂದ ಗಿಡ್ಡಪ್ಪ.

ಈರಸಂಗ ಕೇಳಲಿಲ್ಲ. ಬೆನ್ನಿಗೆ ಹಾಕಿಕೊಂಡ. ಬಡಿಗೆಗಳು ಅಲ್ಲೇ ಮರಳಲ್ಲಿ ಬಿದ್ದವು. ದಂಡೆ ಹತ್ತುವ ಹೊತ್ತಿಗೆ ನೀರು ಸೊಂಟಕ್ಕೆ ಬಂದಿತ್ತು. ಬೆನ್ನ ಮೇಲಿನ ಮುದುಕ ಅಳುತ್ತಿದ್ದ. ಜೀವಭಯಕ್ಕಲ್ಲ, ಅವಮಾನಕ್ಕೆ. ಈರಸಂಗನಿಗೆ ಅದು ಗೊತ್ತಾಯಿತು. ಗೊತ್ತಾಗಿ ಅವನಿಗೂ ಅಳು ಬಂತು.

ಜೀವ ಒಂದೂ ಹೋಗಲಿಲ್ಲ. ಹನ್ನೊಂದು ಗುಡಿಸಲು, ಬಳ್ಳಿಯ ಮೇಲಿನ ಕಾಯಿ, ಎಲ್ಲ ಹೋಯಿತು.

ದುರಗವ್ವ ಒದ್ದೆ ಸೀರೆಯಲ್ಲೇ ಗದ್ದುಗೆಯ ಮುಂದೆ ಬಂದು ನಿಂತಳು.

"ಯಪ್ಪಾ, ನಿಮ್ಮ ಮಾತು ಛಲೋ ಇರತಾವು, ಇಲ್ಲ ಅನ್ನಂಗಿಲ್ಲ. ಆದ್ರ ಇವತ್ತು ನಮಗ ನೀರಿನ ಮಾತು ಬೇಕಾಗಿತ್ತು."

ಅಜ್ಜಾರು ತಲೆ ತಗ್ಗಿಸಿ, "ಹೌದವ್ವ" ಅಂದರು.

ಮರುದಿನ ಬೆಳಿಗ್ಗೆ ಈರಸಂಗ ಅವರ ಕಾಲಿಗೆ ಬಿದ್ದ.

"ಶಿಕ್ಷಾ ಕೊಡ್ರಿ, ಅಜ್ಜಾರ."

"ಮೊದಲು ಏನಾತು ಹೇಳು."

"ಫೋನಿನ್ಯಾಗ ನಿಮ್ಮ ದನಿ ಕೇಳಸ್ತರಿ. ನಿಮ್ಮ ಕೃಪಾ ಅಂದ್ಕೊಂಡೆ."

"ನನ್ನ ಕೃಪಾ ತಂತ್ಯಾಗ ಸೋರೂದಿಲ್ಲಪಾ. ಸೋರಿದ್ದು ನನ್ನ ದನಿ. ಈಗ ಏನು ಮಾಡಾಂವ?"

"ನೀರಿನ ತಂತಿಗೆ ದೊಡ್ಡ ಬ್ಯಾಟ್ರಿ ಹಾಕತೀನ್ರಿ. ಮೌಲಾಸಾಬ್ರ ದನಿ ಜೋರಾಗಿ ಬರತೈತಿ."

"ಪಾಪ, ಅಂವ ಮುಕ್ಕಾಲು ತಾಸು ಒದರ್ಯಾನ. ಇನ್ನೆಷ್ಟು ಜೋರ ಆಗಬೇಕು? ಆಮ್ಯಾಲ ನನ್ನ ಪ್ರವಚನದಾಗ ಅವನ ದನಿ ಕೇಳಾಕತ್ತಿದ್ರ?"

ಈರಸಂಗ ತಲೆ ಕೆರೆದುಕೊಂಡ.

"ಹಂಗಾದ್ರ ಮಾತಿನ ತಂತಿನ ಕಿತ್ತು ಒಗೀತೀನ್ರಿ."

"ಒಡ್ಡಿನ ಮಂದಿ ಏನು ಪಾಪ ಮಾಡ್ಯಾರೋ? ಎರಡೂ ಇರಬೇಕು. ಒಂದೇ ಕಂಬದ ಮ್ಯಾಲ ಇರಬೇಕು. ಒಂದರ ಮಾತು ಒಂದಕ್ಕ ಹತ್ತಬಾರದು."

"ಅದು ಹೆಂಗ ಆಗತೈತ್ರಿ?"

"ಹೋಗಿ ಅಡಗಿಮನ್ಯಾಗ ಕುಂಡ್ರು" ಅಂದರು ಅಜ್ಜಾರು.

ಜೀವ ಹೋಗುವ ಹೊತ್ತಿನಲ್ಲಿ ಇದೇನು ಅಡುಗೆಮನೆ ಅಂತ ಅವನಿಗೆ ಅನ್ನಿಸದೆ ಇರಲಿಲ್ಲ. ಆದರೂ ಹೋಗಿ ಕೂತ. ತಂತಿ ಸರಿ ಆಗುವ ತನಕ ಪ್ರವಚನವಿಲ್ಲ ಅಂತ ಅಜ್ಜಾರು ಆಗಲೇ ಸಾರಿದ್ದರು. ಬಾಳವ್ವ, ಪಾರವ್ವರಿಗೂ ಒಂದು ಮಾತು ಹೇಳಿ ಕಳಿಸಿದ್ದರು, ಇವತ್ತು ಯಾರೂ ಜಾಗ ಬದಲಿಸಬೇಡಿ ಅಂತ.

ದೊಡ್ಡ ಒಲೆ ಹೊಗೆಯಾಡುತ್ತಿತ್ತು. ಬಾಳವ್ವ ಅದರ ಮಗ್ಗುಲಿಗೆ, ಪಾರವ್ವ ಆಚೆ. ಹತ್ತು ರೊಟ್ಟಿ ಆದವು. ಹದಿನೈದಾದವು. ಬಾಳವ್ವ ಮೂಗು ಒರೆಸಿಕೊಂಡಳು. ಇಪ್ಪತ್ತಾದವು. ಆಕೆಯ ಕಣ್ಣು ಕೆಂಡ.

"ಅಲ್ಲಾ, ತಂಗಾಳಿಗೆ ಕುಂತು ರೊಟ್ಟಿ ಎಷ್ಟು ನಾಜೂಕ ಬಡೀತೀಯಲ್ಲ, ಮಾರಾಣಿ ಹಂಗ."

"ನಾ ಏನು ಮಾಡಿದ್ನೇ ನಿಂಗ?"

"ನೀ ಏನೂ ಮಾಡೂದಿಲ್ಲ. ಎಂದು ಮಾಡೀದಿ? ಕಟಗಿ ಒಡದೀಯೇನು, ನೀರು ತಂದೀಯೇನು?"

"ನಿನ್ನ ಬಾಯಾಗ ಮಣ್ಣ ಬೀಳಲಿ! ನಿನ್ನೆ ಕೊಡ ಹೊತ್ತಾಕಿ ಯಾರು?"

ಅಲ್ಲಿಂದ ಹತ್ತಿಕೊಂಡಿತು. ಕೊಡದಿಂದ ಬೆಣ್ಣೆಗೆ ಹೋಯಿತು, ಬೆಣ್ಣೆಯಿಂದ ಪಾರವ್ವನ ತವರುಮನೆಗೆ ಹೋಯಿತು. ಎರಡು ರೊಟ್ಟಿ ಸೀದು ಕರಿಯಾದವು. ಈರಸಂಗ ಗೋಡೆಗೆ ಒತ್ತಿಕೊಂಡು ಕೂತ.

ಸಂಜೆ ಅಜ್ಜಾರು ಕೇಳಿದರು. "ಏನು ಕಂಡಿ?"

"ಜಗಳ ಕಂಡೆ, ಅಜ್ಜಾರ."

"ಯಾರ ನಡುವ?"

"ಬಾಳವ್ವಗೂ ಪಾರವ್ವಗೂ."

"ಹೊಗಿ ಹಾಕಿದ್ದು ಯಾರು?"

"ಒಲಿರಿ."

"ಒಲಿಕೂಡ ಯಾರರೆ ಜಗಳ ಆಡಿದ್ರೇನು?"

"ಇಲ್ರಿ."

"ನಾಳೆ ಮತ್ತ ಕುಂಡ್ರು."

ಮರುದಿನ ಹಳೆಯ ಪದ್ಧತಿ. ಹತ್ತು ರೊಟ್ಟಿಗೊಮ್ಮೆ ಎದ್ದರು, ಜಾಗ ಬದಲಿಸಿದರು. ಬಾಳವ್ವನೂ ಕೆಮ್ಮಿದಳು, ಪಾರವ್ವನೂ ಕೆಮ್ಮಿದಳು. ಕೆಮ್ಮುತ್ತ ಕೆಮ್ಮುತ್ತ ಸೊಸೆಯಂದಿರ ಮಾತು ಆಡಿಕೊಂಡು ನಕ್ಕರು. ನಿನ್ನೆಯ ಸಿಟ್ಟು ಯಾವ ಊರಿಗೆ ಹೋಗಿತ್ತೋ ಏನೋ.

"ಹೊಗಿ ಕಮ್ಮಿ ಆಗಿತ್ತೇನು?" ಅಂದರು ಅಜ್ಜಾರು.

"ಇಲ್ರಿ, ಅಷ್ಟ ಇತ್ತು."

"ಮತ್ತ ಜಗಳ ಯಾಕ ಆಗಲಿಲ್ಲ?"

"ಇಬ್ಬರಿಗೂ ಸರಿಸಮ ಹತ್ತಿತ್ರಿ. ಒಬ್ಬಾಕಿಗೆ ಹೆಚ್ಚು, ಒಬ್ಬಾಕಿಗೆ ಕಮ್ಮಿ ಅಂತ ಇರಲಿಲ್ಲ."

"ನೀ ರೇಡಿಯೋ ಕಲತಾಂವ. ಫೋನಿಗೆ ಎರಡು ತಂತಿ ಇರತಾವು. ಕಿವಿಗೆ ಕೇಳೂದು ಯಾವ ತಂತಿದು?"

"ಯಾವುದರದ್ದೂ ಅಲ್ರಿ. ಎರಡರ ನಡುವಿನ ಹೆಚ್ಚುಕಮ್ಮಿ ಎಷ್ಟೋ ಅಷ್ಟ ಕೇಳತೈತಿ..."

ಈರಸಂಗನ ಬಾಯಿ ಹಾಗೇ ತೆರೆದುಕೊಂಡಿತು.

ಮಾತಿನ ತಂತಿಯ ಮಗ್ಗುಲಿಗೆ ನೀರಿನ ಒಂದು ತಂತಿ. ಅದರ ಆಚೆ ಇನ್ನೊಂದು. ನಾಲ್ಕು ಮೈಲಿ ಉದ್ದಕ್ಕೂ ಹತ್ತಿರದ್ದಕ್ಕೆ ಹೆಚ್ಚು ಹೊಗೆ, ದೂರದ್ದಕ್ಕೆ ಕಮ್ಮಿ. ಹತ್ತು ಕಂಬಕ್ಕೊಮ್ಮೆ ಎರಡೂ ಜಾಗ ಬದಲಿಸಿದ್ದರೆ? ಎರಡಕ್ಕೂ ಸರಿಸಮ. ಮಾತಿನ ತಂತಿ ಎಷ್ಟೇ ಮಾತಾಡಲಿ, ನೀರಿನ ತಂತಿಗಳ ನಡುವೆ ಜಗಳವಿಲ್ಲ. ಜಗಳವಿಲ್ಲ ಅಂದರೆ ಕಿವಿಗೆ ಆ ಸದ್ದೇ ಇಲ್ಲ.

ಒಂಬತ್ತು ಕಂಬ. ಒಂಬತ್ತು ತಗಡು.



"ಅಜ್ಜಾರ, ನಾ ಹಾಳ ಮಾಡೀನ್ರಿ. ಒಂಬತ್ತು ಕಡೆ ತಂತಿ ಅಡ್ಡ ದಾಟಿದ್ವು. ನಾನ ಬಿಚ್ಚಿ ನೆಟ್ಟಗ ಮಾಡಿದೆ. ನೋಡಾಕ ಛಂದ ಕಂಡ್ವು. ಯಾವನೋ ಕುಡುಕ ಕಟ್ಟ್ಯಾನ ಅಂತ ಮಂದಿ ಮುಂದ ಬೈದೆ ಬ್ಯಾರೆ."

ಅಜ್ಜಾರು ತಮ್ಮ ಅಂಗಾಲು ತಿಕ್ಕಿಕೊಂಡರು.

"ಆ ಕುಡುಕ ನಾನಪಾ" ಅಂದರು.

ಈರಸಂಗನಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಅಜ್ಜಾರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕಾದ ಮೇಲೆ ಅವನ ತಲೆಯ ಮೇಲೆ ಕೈ ಇಟ್ಟು, "ಹೋಗು, ಕತ್ತಲಾಗೂದ್ರಾಗ ಒಂದು ಕಂಬನರೆ ಆಗಲಿ" ಅಂದರು.

ನಾಲ್ಕು ದಿನ ಹಿಡಿಯಿತು. ಒಂಬತ್ತನೆಯ ತಗಡಿಗೆ ಬಾಳವ್ವನ ಹತ್ತಿರ ಗೋಗರೆಯಬೇಕಾಯಿತು. ಬೆಣ್ಣೆಗೆ ಬೆಕ್ಕು ಬಾಯಿ ಹಾಕಿದರೆ ನಿನ್ನನ್ನೇ ಹಿಡಿಯುತ್ತೇನೆ ಅಂತ ಹೇಳಿಯೇ ಆಕೆ ಅದನ್ನು ಕೊಟ್ಟದ್ದು.

ಐದನೆಯ ಸಂಜೆ ಅಜ್ಜಾರು ಪ್ರವಚನಕ್ಕೆ ಕೂತರು. ನಡುವೆ ಫೋನು ಹೊಡೆದುಕೊಂಡಿತು. ಈರಸಂಗ ಉಸಿರು ಹಿಡಿದು ಎತ್ತಿದ.

"ಎಂಟು ಅಡಿ ಐತ್ರಿ" ಅಂದ ಮೌಲಾಸಾಬ, ಮಗ್ಗುಲಿಗೆ ಕೂತು ಹೇಳಿದ ಹಾಗೆ. "ಮತ್ತ, ನಮ್ಮ ಆಡು ಎರಡು ಮರಿ ಹಾಕೇತ್ರಿ."

ಗುರುವಿನ ದನಿ ಒಂದು ಎಳೆಯೂ ಇರಲಿಲ್ಲ. ಅದು ಇಲ್ಲದ್ದಕ್ಕೆ ಈರಸಂಗ ಆ ಹೊತ್ತು ಪಟ್ಟ ಸಂತೋಷ ಅದು ಇದ್ದಾಗಲೂ ಪಟ್ಟಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಹೇಳಿದ. "ತಪ್ಪು ಸರಿ ಆತ್ರಿ, ಅಜ್ಜಾರ."

"ಒಂದು ತಪ್ಪು ಸರಿ ಆತು" ಅಂದರು ಅಜ್ಜಾರು.

"ಇನ್ನೊಂದು ಯಾವುದ್ರಿ?"

ಅಜ್ಜಾರು ರೊಟ್ಟಿ ಮುರಿದರು. ಶೇಂಗಾ ಹಿಂಡಿ ಹಚ್ಚಿಕೊಂಡರು.

ಆ ಮಾತು ಈರಸಂಗನ ಅಂಗಾಲಿಗೆ ಮುಳ್ಳಾಗಿ ಉಳಿಯಿತು. ಮಳೆಗಾಲ ಹೋಯಿತು, ಚಳಿ ಹೋಯಿತು. ಕಂಬ ಕಂಬ ಹತ್ತಿ ತಂತಿ ನೋಡಿದ, ಇನ್ನೆಲ್ಲಿ ತಪ್ಪು ಐತಿ ಅಂತ. ಎಲ್ಲೂ ಇರಲಿಲ್ಲ. ಕಂಬದ ಮೇಲೆ ಇದ್ದರಲ್ಲವೆ ಸಿಗುವುದು?

ಹೊಳೆ ಇಳಿಯಿತು. ದಿಬ್ಬ ಎದ್ದಿತು. ಹನ್ನೊಂದು ಗುಡಿಸಲು ಮತ್ತೆ ಬಂದವು. ಗಿಡ್ಡಪ್ಪ ಹೊಸ ಬಡಿಗೆ ಮಾಡಿಸಿಕೊಂಡಿದ್ದ. ಈರಸಂಗ ಎದುರಿಗೆ ಬಂದರೆ ಮುಖ ಆಚೆ ತಿರುಗಿಸುತ್ತಿದ್ದ. ಬೆನ್ನ ಮೇಲೆ ಹೊತ್ತದ್ದನ್ನು ಅವನು ಮರೆತಿರಲಿಲ್ಲ.

"ಅವನ ಜೀವ ಉಳಿಸೀನಿ, ಮಾತ ಆಡಸೂದಿಲ್ಲ" ಅಂತ ಈರಸಂಗ ಒಂದು ದಿನ ದುರಗವ್ವನ ಹತ್ತಿರ ಹೇಳಿಕೊಂಡ.

"ನೀ ಹೊತ್ತು ತಂದಿದ್ದು ಅವನ ಜೀವ, ತಮ್ಮಾ" ಅಂದಳು ದುರಗವ್ವ. "ಅವನ ಬಡಿಗಿ ಅಲ್ಲೇ ಬಿಟ್ಟಿ. ಗಂಟಿ ಹೊತ್ತಿಗೆ ಬಾರಸಿದ್ರ ತಾನ ನಡದು ಬರತಿದ್ದ."

ವೈಶಾಖದ ಒಂದು ಸಂಜೆ. ಮಠದಲ್ಲಿ ಕಾಲಿಡಲು ಜಾಗವಿಲ್ಲ. ಅಜ್ಜಾರು ಕಥೆ ಹೇಳುತ್ತಿದ್ದರು. ಒಬ್ಬ ಮುದುಕಿ ಮಗನನ್ನು ಹುಡುಕಿಕೊಂಡು ಹನ್ನೆರಡು ವರ್ಷ ನಡೆದು, ಕೊನೆಗೆ ಒಂದು ಬಾಗಿಲ ಮುಂದೆ ಬಂದು ನಿಂತಿದ್ದಾಳೆ. ಬಾಗಿಲು ತಟ್ಟಲು ಕೈ ಎತ್ತಿದ್ದಾಳೆ. ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡಿದ್ದರು. ಗಂಡಸರು ಬಾಯಿ ಮುಚ್ಚುವುದನ್ನು ಮರೆತಿದ್ದರು.

ಹಿಂದಿನ ಕೋಣೆಯಲ್ಲಿ ಫೋನು ಹೊಡೆದುಕೊಂಡಿತು.

"ಬಾಗಿಲಾ ಎತ್ತೇವ್ರಿ" ಅಂದ ಮೌಲಾಸಾಬ. ಒದರಲಿಲ್ಲ, ಅದರ ಅವಶ್ಯಕತೆಯೂ ಇರಲಿಲ್ಲ.

ಈರಸಂಗ ಬಾಗಿಲಿಗೆ ಬಂದ. ಅದೇ ಸಾಲು ತಲೆಗಳು. ಅದೇ ಗುರು. ಗಂಟೆ ಅವರ ತಲೆಯ ಮೇಲೆ. ಹೋದ ವರ್ಷ ನಿಂತಲ್ಲೇ ಕಾಲು ಬಂದು ನಿಂತವು.

ಇನ್ನೊಂದು ತಪ್ಪು ಯಾವುದು ಅಂತ ಆಗ ಗೊತ್ತಾಯಿತು. ಅದು ಯಾವ ಕಂಬದ ಮೇಲೂ ಇರಲಿಲ್ಲ. ಈ ಹೊಸ್ತಿಲ ಮೇಲೆ ಇತ್ತು.

ಅವನು ದಾಟಿದ. ಕೂತವರ ಮಂಡಿ ತುಳಿದ, ಒಬ್ಬ ದೊಡ್ಡ ಮನುಷ್ಯರ ರುಮಾಲಿಗೆ ಕಾಲು ತಾಗಿಸಿದ. "ಏಯ್, ಏಯ್, ಕುಂಡ್ರಲೇ" ಅಂತ ನಾಲ್ಕು ಕಡೆ ಗದರಿದರು. ಮುದುಕಿಯ ಕೈ ಇನ್ನೂ ಬಾಗಿಲ ಮುಂದೆ ಎತ್ತಿಯೇ ಇತ್ತು. ಈರಸಂಗ ಗದ್ದುಗೆ ಹತ್ತಿ, ಅಜ್ಜಾರ ಮುಂದಿನ ಮೈಕಿನ ಗುಂಡಿ ಒತ್ತಿ ಆರಿಸಿ, ಅವರ ತಲೆಯ ಮೇಲಿನ ಗಂಟೆಯ ಹಗ್ಗ ಎಳೆದ.

ಜನ ದಂಗಾದರು. ಅಜ್ಜಾರು ಅರ್ಧ ಮಾತಿಗೆ ಬಾಯಿ ಮುಚ್ಚಿದರು. ಎದ್ದರು. ತಮ್ಮ ಕೈಗೂ ಹಗ್ಗದ ತುದಿ ಸಿಗುವ ಹಾಗೆ ಸರಿದು ನಿಂತು, ಶಿಷ್ಯನ ಜೊತೆ ತಾವೂ ಎಳೆಯತೊಡಗಿದರು.

ದಿಬ್ಬದಿಂದ ಮಂದಿ ಸಾಲು ಕಟ್ಟಿ ಬಂದರು. ಮಠದಲ್ಲಿ ಕೂತಿದ್ದ ಗಂಡಸರು ಇಳಿದು ಹೋಗಿ ಗಂಟುಮೂಟೆ, ಕಲ್ಲಂಗಡಿ ಹೊತ್ತು ತಂದರು. ಎಲ್ಲರ ಹಿಂದೆ ಗಿಡ್ಡಪ್ಪ. ಬಡಿಗೆ ಊರಿದ, ಒಂದು ಹೆಜ್ಜೆ. ಬಡಿಗೆ ಊರಿದ, ಇನ್ನೊಂದು ಹೆಜ್ಜೆ. ಯಾರೂ ಮುಟ್ಟಲಿಲ್ಲ. ದಂಡೆ ಹತ್ತುವಾಗ ಈರಸಂಗ ಪಕ್ಕದಲ್ಲೇ ನಿಂತಿದ್ದ, ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಮುದುಕ ಮೇಲೆ ಬಂದು ನಿಂತು ಏದುಸಿರು ಬಿಟ್ಟ. ಹೊಳೆಯ ಕಡೆ ತಿರುಗಿ ನೋಡಿದ. ನೀರು ಇನ್ನೂ ಬಂದಿರಲಿಲ್ಲ.

"ರೊಟ್ಟಿ ಆಗ್ಯಾವೇನಪಾ ನಿಮ್ಮ ಮಠದಾಗ?" ಅಂತ ಈರಸಂಗನನ್ನು ಕೇಳಿದ.

ನೀರು ಬಂದು ಹೋಯಿತು. ದೀಪ ಹಚ್ಚುವ ಹೊತ್ತಿಗೆ ಮಠದ ಅಂಗಳದ ತುಂಬ ದಿಬ್ಬದ ಮಂದಿ, ಊರ ಮಂದಿ. ಅಡುಗೆಮನೆಯಲ್ಲಿ ಬಾಳವ್ವ, ಪಾರವ್ವ ಎದ್ದು ಜಾಗ ಬದಲಿಸುತ್ತಿದ್ದರು.

ಒಬ್ಬಿಬ್ಬರು ಹಿರಿಯರಿಗೆ ಇನ್ನೂ ಸಮಾಧಾನ ಇರಲಿಲ್ಲ. "ಗಂಟಿ ಬಾರಸೂದು ಸರಿ, ಆದ್ರ ಆ ಮುದುಕಿಗೆ ಮಗ ಸಿಕ್ಕನೋ ಇಲ್ಲೋ?" ಅಂತ ಗೊಣಗುತ್ತಿದ್ದರು. ಈರಸಂಗನಿಗೂ ಅದು ಕೊರೆಯುತ್ತಿತ್ತು. ಅಜ್ಜಾರ ಹತ್ತಿರ ಹೋಗಿ ಕೈ ಮುಗಿದ.

"ಅಜ್ಜಾರ, ನಿಮ್ಮ ಮಾತು ನಾ ಅರ್ಧಕ್ಕ ಕಡದೆ. ಉಳದರ್ಧ ಯಾವಾಗ ಹೇಳ್ತೀರಿ?"

ಅಜ್ಜಾರು ಅಡುಗೆಮನೆಯ ಕಟ್ಟೆಯ ಕಡೆ ನೋಡಿದರು. ಅಲ್ಲಿ ಗಿಡ್ಡಪ್ಪ ಎರಡೂ ಬಡಿಗೆ ಗೋಡೆಗೆ ಒರಗಿಸಿ, ಕಾಲು ಚಾಚಿಕೊಂಡು ಕೂತಿದ್ದ.

"ಉಳದರ್ಧ ಅಲ್ಲಿ ಕುಂತು ರೊಟ್ಟಿ ತಿನ್ನಾಕತ್ತೇತಿ, ನೋಡು."